ಪೇಟೆಯಿಂದ ದೂರವಿರುವವರಿಗೆ ಹತ್ತು ಇಂಚಿನ ಮಿನಿ ಲೇತ್

ಪೇಟೆಯಿಂದ ಬಹುದೂರ ವಾಸಿಸುತ್ತ ಮರ ಕಡೆಯುವುದನ್ನು ಹವ್ಯಾಸವಾಗಿ ರೂಢಿಸಿಕೊಳ್ಳುವವರ ದೃಷ್ಟಿಯಿಂದಲೇ ನಾನು ಮೇಜಿನ ಮೇಲಿಡುವ ಈ ಲೇತನ್ನು (ಮರದ ತುಂಡನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ) ಪರಿಶೀಲಿಸಿದ್ದೇನೆ. ಬಟ್ಟಲು, ಬುಗುರಿ, ಉಳಿಯ ಹಿಡಿಗಳಂಥವಕ್ಕೆ ಇದರ ಗಾತ್ರ, ಅಂದರೆ ಹತ್ತು ಇಂಚು ವ್ಯಾಸದವರೆಗಿನ ತುಂಡು ತಿರುಗುವಷ್ಟು ಜಾಗ, ಸಾಕು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಸ್ಪಿಂಡಲ್, ಅಂದರೆ ಮರದ ತುಂಡನ್ನು ತಿರುಗಿಸುವ ದಂಡ: ಒಂದು ಇಂಚು ವ್ಯಾಸದ, ಇಂಚಿಗೆ 8 ಸುತ್ತಿನ ಥ್ರೆಡ್ ಮತ್ತು 2ನೇ ಸಂಖ್ಯೆಯ ಮೋರ್ಸ್ ಟೇಪರ್ (ಬಿಡಿಭಾಗ ಬಿಗಿಯಾಗಿ ಕೂರುವ, ಒಳಗೆ ಕಿರಿದಾಗುತ್ತ ಹೋಗುವ ರಂಧ್ರ) ವ್ಯಾಪಕವಾಗಿ ಬಳಕೆಯಲ್ಲಿರುವ ಅಳತೆಗಳಾದ್ದರಿಂದ, ಚಕ್ (ತುಂಡನ್ನು ಕಚ್ಚಿ ಹಿಡಿಯುವ ಸಾಧನ) ಅಥವಾ ಸೆಂಟರ್ (ತುಂಡಿನ ತುದಿಗೆ ಆನಿಸುವ ಮೊನೆ) ಬೇಕಾದಾಗ ಒಬ್ಬನೇ ತಯಾರಕನನ್ನು ನೆಚ್ಚಿ ಕೂರಬೇಕಾಗಿಲ್ಲ. ರಿಪೇರಿಯವರು ಸಿಗದ ಕಡೆ ಇದು ಸಣ್ಣ ಸಂಗತಿಯಲ್ಲ.

ಅದೇ ಕಾರಣಕ್ಕೆ, ಗುಂಡಿ ತಿರುಗಿಸಿ ವೇಗ ಬದಲಿಸುವ ಮಾದರಿಯ ಬದಲು, ಬೆಲ್ಟನ್ನು ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ಸರಿಸುವ ಸರಳ ಮಾದರಿಯನ್ನೇ ಶಿಫಾರಸು ಮಾಡುತ್ತೇನೆ. ವೋಲ್ಟೇಜ್ ಏರಿಳಿತದಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟುಹೋದರೆ ಅದನ್ನು ಸ್ವತಃ ಸರಿಪಡಿಸುವುದು ಕಷ್ಟ, ಬೆಲ್ಟನ್ನಾದರೆ ಯಾರಾದರೂ ಬದಲಿಸಬಹುದು.

ಜೊತೆಗೆ ಬರುವ ಉಳಿಗಳು ನಿರಾಶಾದಾಯಕ. ಸಾಣೆಯಂತ್ರವಿಲ್ಲದೆ ಈ ಲೇತ್ ಅಪೂರ್ಣವೆಂದೇ ತಿಳಿಯಬೇಕು, ಏಕೆಂದರೆ ಹೈಸ್ಪೀಡ್ ಸ್ಟೀಲಿನ ಉಳಿಗೆ ಕೆಲಸದ ನಡುವೆಯೇ ಮತ್ತೆ ಮತ್ತೆ ಸಾಣೆ ಹಿಡಿಯಬೇಕಾಗುತ್ತದೆ.

ಹಳ್ಳಿಗಾಡಿನ ದೊಡ್ಡ ಅನುಕೂಲವೆಂದರೆ ಬಿದ್ದ ಕೊಂಬೆಗಳ ಹಸಿಮರ. ಅದನ್ನು ಹಸಿಯಾಗಿರುವಾಗಲೇ, ಬಟ್ಟಲಿನ ವ್ಯಾಸದ ಹತ್ತನೇ ಒಂದರಷ್ಟು ಗೋಡೆ ಉಳಿಸಿ ಒರಟಾಗಿ ಕಡೆದು, ಸೀಳು ಬಿಡದಂತೆ ಮರದ ಎಳೆಗಳ ತುದಿ ಕಾಣುವ ಭಾಗಕ್ಕೆ ಮೇಣ ಬಳಿದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಸೊಟ್ಟಗಾದುದನ್ನು ಮತ್ತೆ ಕಡೆಯಬೇಕು. ಆದರೆ ಯಂತ್ರ ಹಗುರವಾದ್ದರಿಂದ ಸಮತೋಲವಿಲ್ಲದ ಹಸಿ ತುಂಡು ಇಡೀ ಮೇಜನ್ನೇ ನಡುಗಿಸುತ್ತದೆ. ಪೀಠವನ್ನು ಬೋಲ್ಟಿನಿಂದ ಬಿಗಿದು, ಕೆಳಗೆ ಮರಳುಚೀಲ ಹೇರಿ, ಅತಿ ಕಡಿಮೆ ವೇಗದಲ್ಲಿ ಆರಂಭಿಸುವುದು ಅನಿವಾರ್ಯ. ಮುಖಕವಚ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಲೇತಿನೊಂದಿಗೇ ತರಿಸಿಕೊಳ್ಳಿ.