ಮಂಡಿನೋವಿಗೆ ಯಾವುದು: ಡೈಕ್ಲೋಫೆನಾಕ್ ಮಾತ್ರೆ, ಪ್ಯಾರಾಸಿಟಮಾಲ್, ಇಲ್ಲ ಜೆಲ್?

ಅಮ್ಮನ ಮಂಡಿನೋವಿಗೆ ಯಾವುದು ಕೊಡಲಿ, ಕಿಡ್ನಿ ಕೆಡಬಾರದು ಅಂತ ಕೇಳಿದ್ದೀರಿ. ಹಾಗಾದರೆ ಕಿಡ್ನಿಯಿಂದಲೇ ಶುರು ಮಾಡೋಣ.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಒಂದೇ ಗುಂಪಿನವು. ನೋವು, ಊತ ತರುವ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಮೈಯಲ್ಲಿ ತಯಾರಾಗದಂತೆ ತಡೆಯುತ್ತವೆ. ಆದರೆ ಕಿಡ್ನಿಗೆ ಹೋಗುವ ಸಣ್ಣ ರಕ್ತನಾಳ ತೆರೆದಿರಲು ಅದೇ ಪ್ರೊಸ್ಟಗ್ಲಾಂಡಿನ್ ಬೇಕು. ಗಟ್ಟಿಮುಟ್ಟಾದವರಿಗೆ, ಊತವೂ ಇದ್ದರೆ, ಮೂರ್ನಾಲ್ಕು ದಿನಕ್ಕೆ ಮಾತ್ರೆ ಸರಿ. ವಯಸ್ಸಾದವರಿಗೆ, ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ, ವಾಂತಿಭೇದಿಯಾಗಿ ಸುಸ್ತಾದವರಿಗೆ ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕಲ್ಮಶ) ಏರಬಹುದು. ಹೊರಗೆ ಏನೂ ಗೊತ್ತಾಗಲ್ಲ, ಅದೇ ನನಗೆ ಭಯ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ತಿಂಗಳುಗಟ್ಟಲೆ ನುಂಗಿಸಬೇಡಿ.

ಪ್ಯಾರಾಸಿಟಮಾಲ್ ಕಿಡ್ನಿಗೆ ಇದಕ್ಕಿಂತ ಸೌಮ್ಯ, ಅಗ್ಗ ಕೂಡ. ಆದರೆ ಊತ ಇಳಿಸಲ್ಲ, ಸವೆದ ಮಂಡಿಗೆ ಎಷ್ಟೋ ಸಲ ಸಾಕಾಗಲ್ಲ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಿದರೆ ಲಿವರ್‌ಗೆ ಅಪಾಯ. ಸ್ಟ್ರಿಪ್ ತಿರುಗಿಸಿ ಓದಿ: ಎಷ್ಟೋ ನೋವಿನ ಮಾತ್ರೆಗಳಲ್ಲಿ ಅಸಿಕ್ಲೋಫೆನಾಕ್ 100 ಮಿ.ಗ್ರಾಂ ಪಕ್ಕದಲ್ಲೇ ಪ್ಯಾರಾಸಿಟಮಾಲ್ 325 ಇರುತ್ತದೆ. ಅದರ ಮೇಲೆ ಜ್ವರಕ್ಕೆ ಅಂತ ಇನ್ನೊಂದು ಪ್ಯಾರಾಸಿಟಮಾಲ್ 650 ನುಂಗಿದರೆ ಲೆಕ್ಕ ತಪ್ಪುತ್ತದೆ ಅಲ್ವಾ?

ಡೈಕ್ಲೋಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ಮಾತ್ರೆಗಿಂತ ತುಂಬಾ ಕಡಿಮೆ. ಮಂಡಿ, ಕೈಬೆರಳಿಗೆ ಚೆನ್ನ, ಸೊಂಟದ ಆಳಕ್ಕೆ ಮುಟ್ಟಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಹಚ್ಚಬೇಕು, ಖರ್ಚೂ ಜಾಸ್ತಿ. ನಿಮ್ಮ ಅಮ್ಮನಿಗೆ ಬಿಪಿ, ಶುಗರ್ ಇದ್ದರೆ ನಾನು ಇದರಿಂದಲೇ ಶುರು ಮಾಡುತ್ತಿದ್ದೆ. ಕಿಡ್ನಿ ಈಗಾಗಲೇ ಸೋತಿದ್ದರೆ ಜೆಲ್‌ಗೂ ಡಾಕ್ಟರನ್ನು ಕೇಳಿ.