ಟೇಬಲ್ ಸಾ ಮೇಲೆ ಎಂಟು-ನಾಲ್ಕರ ಪ್ಲೈ: ಮೂರು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಹುಬ್ಬಳ್ಳಿಯ ಉಣಕಲ್ ಹತ್ತಿರ ನಮ್ಮದೊಂದು ಸಣ್ಣ ಶೆಡ್ಡು ಇದೆ. ವಾರ್ಡ್‌ರೋಬ್, ಅಡುಗೆಮನೆ ಕ್ಯಾಬಿನೆಟ್ ನಮ್ಮ ಕೆಲಸ. 10 ಇಂಚು ಬ್ಲೇಡಿನ, ಮಡಚುವ ಸ್ಟ್ಯಾಂಡಿನ ಟೇಬಲ್ ಸಾ (ಮೇಜಿನ ನಡುವಿನಿಂದ ಬ್ಲೇಡು ಮೇಲೆ ಬಂದಿರುವ ಗರಗಸದ ಮಷಿನ್) ತಗೊಂಡು ಮೂರು ವರ್ಷವಾಯಿತು, ದಿನಾ ಓಡುತ್ತದೆ. ಸಣ್ಣ ತುಂಡು ಸೀಳಲಿಕ್ಕೆ ಇದಕ್ಕೆ ಐದಕ್ಕೆ ಐದು ಕೊಡುತ್ತೇನೆ. ಇಡೀ ಶೀಟಿಗೆ ಎರಡೇ. ಯಾಕೆ ಎರಡು ಅನ್ನೋದನ್ನು ಮಷಿನ್ ಕೊಳ್ಳುವಾಗ ನನಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಂಟಡಿ ಉದ್ದ, ನಾಲ್ಕಡಿ ಅಗಲ, 19 ಎಂಎಂ ದಪ್ಪದ ಪ್ಲೈನ ಒಂದು ಶೀಟು ಸುಮಾರು 35 ಕಿಲೋ ತೂಗುತ್ತದೆ. ನನ್ನ ಮಷಿನ್ನು ಸ್ಟ್ಯಾಂಡ್ ಬಿಟ್ಟರೆ 27 ಕಿಲೋ. ಹೊರುವ ಮಷಿನ್ನಿಗಿಂತ ಶೀಟೇ ಭಾರ! ಅರ್ಧ ದಾಟಿತು ಅಂದರೆ ಆ ಕಡೆಯದು ಕೆಳಗೆ ಇಳಿಯುತ್ತದೆ, ನಮ್ಮ ಕಡೆಯದು ಮೇಲೆ ಏಳುತ್ತದೆ. ಅದನ್ನು ಒತ್ತಿ ಹಿಡಿಯಲು ಹೋದಾಗ ಶೀಟು ಫೆನ್ಸ್ (ಅಳತೆಗೆ ಸರಿಯಾಗಿ ಪ್ಲೈ ಆನಿಸಿ ತಳ್ಳುವ ಪಕ್ಕದ ಪಟ್ಟಿ) ಬಿಟ್ಟು ಸರಿಯುತ್ತದೆ.

ಎರಡನೇ ತಿಂಗಳಲ್ಲಿ ನನಗೆ ಆದದ್ದೂ ಹೀಗೇ. ಹಿಂದಿನ ದಿನ ಗ್ರೂವ್ ಹೊಡೆಯಲಿಕ್ಕೆ ಬ್ಲೇಡು ಮುಚ್ಚುವ ಗಾರ್ಡು, ರಿವಿಂಗ್ ನೈಫ್ ಎರಡನ್ನೂ ಬಿಚ್ಚಿದ್ದೆ, ವಾಪಸ್ ಹಾಕಿರಲಿಲ್ಲ. ರಿವಿಂಗ್ ನೈಫ್ ಅಂದರೆ ಬ್ಲೇಡಿನ ಹಿಂದೆ ನಿಲ್ಲುವ ತೆಳು ಉಕ್ಕಿನ ಪಟ್ಟಿ, ಅದು ಸೀಳಿದ ಪ್ಲೈ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಂಡದಂತೆ ತಡೆಯುತ್ತದೆ. ಬ್ಲೇಡಿನ ಮುಂದಿನ ಹಲ್ಲು ಕಟ್ಟಿಗೆಯನ್ನು ಟೇಬಲ್ಲಿಗೆ ಒತ್ತುತ್ತವೆ, ಹಿಂದಿನ ಹಲ್ಲು ಮೇಲೆ ಬರುತ್ತಿರುತ್ತವೆ. ಪ್ಲೈ ಅವಕ್ಕೆ ತಾಗಿದರೆ ಎತ್ತಿ ನಮ್ಮ ಮೇಲೇ ಒಗೆಯುತ್ತವೆ. ಆ ದಿನ ಆ ತುದಿಯಲ್ಲಿ ನಿಂತಿದ್ದ ಅಕ್ಕನ ಮಗ ನನಗೆ ಸುಲಭವಾಗಲಿ ಅಂತ ಶೀಟು ಜಗ್ಗಿದ. ನೂಲಿನಷ್ಟು ತಿರುಗಿತು, ಅಷ್ಟೇ. ನಾನು ಬ್ಲೇಡಿನ ಸರಳರೇಖೆಯಲ್ಲೇ ನಿಂತಿದ್ದೆ. ಸೊಂಟಕ್ಕೆ ಬಡಿದ ಏಟು ಎಂಟು ದಿನ ನೀಲಿಗಟ್ಟಿತ್ತು.

"ಮಾಮಾ, ನಾ ಜಗ್ಗಿದ್ದಕ್ಕ ಆತೇನು?" ಅಂದ ಹುಡುಗ, ಮುಖ ಬಿಳಿಚಿತ್ತು.

"ಆ ಕಡೆ ನಿಂತಾವ ಜಗ್ಗಬಾರದಪಾ, ಬರೇ ಭಾರ ಹಿಡೀಬೇಕು. ನಿನಗ ಮೊದಲ ಹೇಳಬೇಕಿತ್ತು, ತಪ್ಪು ನಂದು," ಅಂದೆ.

ಅವತ್ತಿನಿಂದ ಇಡೀ ಶೀಟನ್ನು ಮೊದಲು ನೆಲದ ಮೇಲೆ ಕತ್ತರಿಸುತ್ತೇವೆ. ಎರಡು ಇಂಚು ದಪ್ಪದ ಥರ್ಮಾಕೋಲ್ ಹಾಸಿ ಅದರ ಮೇಲೆ ಪ್ಲೈ ಮಲಗಿಸಿ, ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲ್ಯಾಂಪ್ ಮಾಡಿ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಓಡಿಸುತ್ತೇವೆ. ಬ್ಲೇಡು ಪ್ಲೈಯಿಂದ ಮೂರು-ನಾಲ್ಕು ಎಂಎಂ ಕೆಳಗೆ ಇಳಿದರೆ ಸಾಕು. ಅಳತೆಗಿಂತ 5 ಎಂಎಂ ಜಾಸ್ತಿ ಬಿಟ್ಟು, ಕೊನೆಯ ಅಳತೆಗೆ ಮಾತ್ರ ಟೇಬಲ್ ಸಾ. ಒಂದು ಮಾತು: ಕೈ ಸಾದಲ್ಲಿ ಚೆಂದದ ಮುಖ ಕೆಳಗಿರಬೇಕು, ಟೇಬಲ್ ಸಾದಲ್ಲಿ ಮೇಲಿರಬೇಕು. ಹಲ್ಲು ಹೊರಬರುವ ಕಡೆ ಸಿಬಿರು ಏಳುತ್ತದೆ. ಬಾಕ್ಸಿನಲ್ಲಿ ಬಂದ 24 ಹಲ್ಲಿನ ಬ್ಲೇಡು ಪ್ಲೈಗೆ ನಡೆಯೋದಿಲ್ಲ, ನಾನು 60 ಹಲ್ಲಿನದು ಹಾಕಿದ್ದೇನೆ.

ನನ್ನ ಮಷಿನ್ನಿನ ಫೆನ್ಸ್ 25 ಇಂಚಿನವರೆಗೆ ಸರಿಯುತ್ತದೆ, ನಾಲ್ಕಡಿ ಶೀಟನ್ನು ಅರ್ಧ ಮಾಡಲು ಸಾಕು. ಆದರೆ ಬ್ಲೇಡು ತಾನೇ 3 ಎಂಎಂ ತಿನ್ನುವುದರಿಂದ ನಾಲ್ಕಡಿಯ 1220 ಎಂಎಂನಲ್ಲಿ 610 ಎಂಎಂನ ಎರಡು ತುಂಡು ಸಿಗುವುದಿಲ್ಲ. ಗಿರಾಕಿಗೆ ಅಳತೆ ಕೊಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಫೆನ್ಸ್ ಬಗ್ಗೆ ನನ್ನ ದೂರಿದೆ. ಒಂದು ವರ್ಷದ ಮೇಲೆ ಹಿಂದಿನ ತುದಿ ಬ್ಲೇಡಿನ ಕಡೆ ಒಂದು ಎಂಎಂ ವಾಲಿತ್ತು. ಅಷ್ಟು ಸಾಕು ಕಟ್ಟಿಗೆ ಹಿಂಡಲು. ಈಗ ಸೋಮವಾರಕ್ಕೊಮ್ಮೆ ಪ್ಲಗ್ ತೆಗೆದು, ಫೆನ್ಸಿನಿಂದ ಬ್ಲೇಡಿನ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಟೇಪ್ ಹಿಡಿದು ನೋಡುತ್ತೇನೆ. ಎರಡನೇ ವರ್ಷ ಮೋಟರಿನ ಕಾರ್ಬನ್ ಬ್ರಷ್ ಬದಲಿಸಿದೆ. ಎತ್ತರ ಏರಿಳಿಸುವ ಚಕ್ರ ಹೊಟ್ಟು ತುಂಬಿ ಬಿಗಿಯಾಗುತ್ತದೆ. ಎಣ್ಣೆ ಹಾಕಿದರೆ ಇನ್ನೂ ಹೊಟ್ಟು ಅಂಟುತ್ತದೆ, ಬ್ರಷ್ಷಿನಿಂದ ಉಜ್ಜಿ ಮೇಣ ಹಚ್ಚಿ.

ಬಹಳ ಮೆಚ್ಚಿದ್ದು ಸ್ವಿಚ್ಚನ್ನು. ಬೇಸಿಗೆಯಲ್ಲಿ ಗಾಳಿ-ಮಳೆಗೆ ಕರೆಂಟ್ ಹೋಗಿ ಬಂದರೂ ನಾವಾಗಿ ಒತ್ತುವವರೆಗೆ ಬ್ಲೇಡು ತಿರುಗುವುದಿಲ್ಲ.

ಟೇಬಲ್ ಸಾದ ಹಿಂದೆ ನಾನೇ ಒಂದು ಟೇಬಲ್ ಮಾಡಿಟ್ಟಿದ್ದೇನೆ, ಮಷಿನ್ನಿನ ಮಟ್ಟಕ್ಕಿಂತ ಒಂದೆರಡು ಎಂಎಂ ತಗ್ಗು, ಪ್ಲೈ ತುದಿ ಸಿಕ್ಕಿಕೊಳ್ಳದಂತೆ. ಹೋದ ತಿಂಗಳು ಧಾರವಾಡದ ಒಂದು ಮನೆಯ ಕೆಲಸಕ್ಕೆ 14 ಶೀಟು ಕತ್ತರಿಸಿದೆವು. ಅಕ್ಕನ ಮಗ ಆ ಟೇಬಲ್ಲಿನ ಪಕ್ಕ ನಿಂತು ತುಂಡುಗಳನ್ನು ಬರೇ ಆನಿಸಿ ಹಿಡಿದ, ಒಂದನ್ನೂ ಜಗ್ಗಲಿಲ್ಲ.