ಹಿರಿಯರನ್ನೂ ಎಳೆಮಗುವನ್ನೂ ಕರೆದುಕೊಂಡು ದುಬೈಗೆ ಹೊರಟವರು ಹಣ ಕಟ್ಟುವ ಮೊದಲು ಓದಬೇಕಾದದ್ದು

ಪ್ರವಾಸದ ಜೊತೆಗೆ ಟ್ರಾವೆಲ್ ಕಚೇರಿಯವರು ಮಾಡಿಸಿಕೊಡುವ ವಿಮೆಯ ಕಾಗದಗಳನ್ನು ಪೂರ್ತಿಯಾಗಿ ಕೇಳಿ ಪಡೆಯಿರಿ. ಹೆಸರು ಮತ್ತು ಪಾಲಿಸಿ ಸಂಖ್ಯೆ ಇರುವ ಮೊದಲ ಪುಟ ಸಾಲದು, ಆರೋಗ್ಯದ ಪ್ರಶ್ನೆಗಳಿರುವ ಪುಟ ಬೇಕು. ನಮ್ಮ ಮಾವನವರಿಗೆ ಬಹಳ ವರ್ಷಗಳಿಂದ ರಕ್ತದೊತ್ತಡವಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಇಬ್ಬರ ಔಷಧಿ ಚೀಟಿಗಳನ್ನೂ ನನ್ನ ಗಂಡ ಕಚೇರಿಗೆ ಕೊಟ್ಟು ಬಂದಿದ್ದರು. ಆದರೂ ಅಲ್ಲಿಯವರು ತುಂಬಿದ ಅರ್ಜಿಯಲ್ಲಿ ಇಬ್ಬರೂ ಯಾವ ಕಾಯಿಲೆಯೂ ಇಲ್ಲದವರಾಗಿದ್ದರು. ಇದು ನಮಗೆ ಗೊತ್ತಾದದ್ದು ಮಾವನವರು ದುಬೈಯ ಆಸ್ಪತ್ರೆಯಲ್ಲಿ ಮಲಗಿದ್ದಾಗ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಈ ಭಾಗದಲ್ಲಿ ಗಲ್ಫ್‌ನಲ್ಲಿ ಬಂಧುಗಳೋ ನೆರೆಯವರೋ ಇಲ್ಲದ ಮನೆ ಅಪರೂಪ. ಮಂಗಳೂರಿನಲ್ಲಿ ವಿಮಾನ ಹತ್ತಿದರೆ ನಾಲ್ಕು ಗಂಟೆಯೊಳಗೆ ದುಬೈ. ನಮ್ಮದೇ ರಾಜಧಾನಿ ತಿರುವನಂತಪುರಕ್ಕೆ ರೈಲಿನಲ್ಲಿ ಹೋಗಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಹಾಗಾಗಿ ದುಬೈ ಎಂದರೆ ಇಲ್ಲಿಯವರಿಗೆ ವಿದೇಶವೆಂಬ ಭಾವನೆಯೇ ಬರುವುದಿಲ್ಲ. ಕಾಗದಪತ್ರಗಳ ವಿಷಯದಲ್ಲಿ ಟ್ರಾವೆಲ್ ಕಚೇರಿಗಳು ಉಡಾಫೆ ಮಾಡುವುದಕ್ಕೂ ಈ ಸಲಿಗೆಯೇ ಆಸರೆ. ‘ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತು ಅಲ್ಲಿ ನೀರಿನಷ್ಟು ಅಗ್ಗ.

ಮಗಳಿಗೆ ಮೇ ಕೊನೆಯ ವಾರದಲ್ಲಿ ಎರಡು ವರ್ಷ ತುಂಬುವುದಿತ್ತು. ನಾನು ಶಿಕ್ಷಕಿ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ ಹೋಗಿಬರಬೇಕಿತ್ತು. ವೀಸಾ, ಟಿಕೆಟ್, ಹೋಟೆಲ್, ಸುತ್ತಾಟ, ವಿಮೆ ಎಲ್ಲವನ್ನೂ ಸೇರಿಸಿ ನಮ್ಮ ಪೇಟೆಯ ಒಂದು ಕಚೇರಿ ದರ ಹೇಳಿತು. ಹುಟ್ಟುಹಬ್ಬದ ರಾತ್ರಿ ದೋಣಿಯ ಊಟದಲ್ಲಿ ಕೇಕ್ ಕತ್ತರಿಸುವ ಏರ್ಪಾಟು ಮಾಡುತ್ತೇವೆಂದು ಅವರೇ ಮುಂದೆ ಬಂದು ಹೇಳಿದರು. ಕೇಕಿನ ಮೇಲೆ ಬರೆಯಲು ಮಗುವಿನ ಹೆಸರು, ತಾರೀಕು ಎಲ್ಲವನ್ನೂ ಬರೆದುಕೊಂಡರು. ಅಂದರೆ ಮಗುವಿಗೆ ಎಂದು ಎರಡು ತುಂಬುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದು ಮುಂದೆ ಮುಖ್ಯವಾಗುತ್ತದೆ.

ಮೇ ತಿಂಗಳಲ್ಲಿ ದರ ಇಳಿಯುವುದು ಸೆಕೆಯ ಕಾರಣಕ್ಕೆ. ಆ ಹೊತ್ತಿಗೆ ಅಲ್ಲಿ ನಡುಹಗಲ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ನಮಗೆ ಕೊಟ್ಟ ಕಾರ್ಯಕ್ರಮ ಪಟ್ಟಿ ಚಳಿಗಾಲದ್ದು, ತಾರೀಕು ಮಾತ್ರ ತಿದ್ದಿದ್ದರು. ಒಂದು ಸಂಜೆಗೆ ‘ಗ್ಲೋಬಲ್ ವಿಲೇಜ್’ ಎಂದು ಅಚ್ಚಾಗಿತ್ತು. ಆ ಮೇಳ ಅಕ್ಟೋಬರ್‌ನಲ್ಲಿ ತೆರೆದು ಬೇಸಿಗೆ ಬಲಿಯುವ ಮೊದಲೇ ಮುಚ್ಚುತ್ತದೆ. ವ್ಯಾನಿನ ಚಾಲಕ ಹೇಳುವವರೆಗೆ ಅದು ಯಾರಿಗೂ ಹೊಳೆದಿರಲಿಲ್ಲ. ಆ ವ್ಯಾನಿನಲ್ಲಿ ಮಗುವಿನ ಆಸನವೂ ಇರಲಿಲ್ಲ. ಯುಎಇಯಲ್ಲಿ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ವಾಹನದಲ್ಲಿ ಪ್ರತ್ಯೇಕ ಆಸನ ಕಡ್ಡಾಯ, ತಪ್ಪಿದರೆ 400 ದಿರ್ಹಂ ದಂಡ. ಬುಕಿಂಗ್ ಮಾಡುವಾಗಲೇ ಕೇಳಿ ಬರೆಸಿಕೊಳ್ಳಿ.

ಬುರ್ಜ್ ಖಲೀಫಾದ 124ನೇ ಅಂತಸ್ತಿಗೆ ಹೋದ ದಿನ ಚೆನ್ನಾಗಿಯೇ ಇತ್ತು. ತೊಂದರೆ ಶುರುವಾದದ್ದು ಮರುಭೂಮಿ ಸಫಾರಿಯ ದಿನ. ನಡುಮಧ್ಯಾಹ್ನ ಕಳೆದ ಮೇಲೆ ಜೀಪು ಮರಳಿನ ಅಂಚಿಗೆ ಬಂದು ನಿಂತಿತು. ಚಕ್ರದ ಗಾಳಿ ಇಳಿಸಲು ಕೆಳಗಿಳಿದ ಚಾಲಕ ಒಳಗೆ ಒಮ್ಮೆ ಇಣುಕಿ ನೋಡಿ, ಇಷ್ಟು ಚಿಕ್ಕ ಮಗುವನ್ನೂ ಬೆನ್ನುನೋವಿರುವ ಹಿರಿಯರನ್ನೂ ದಿಬ್ಬದ ಮೇಲೆ ಒಯ್ಯುವಂತಿಲ್ಲ ಎಂದ. ಅವನು ಹೇಳಿದ್ದು ಸರಿಯೇ. ದಿಬ್ಬ ಹತ್ತಿಳಿಯುವ ಆ ಓಟದಲ್ಲಿ ಬೆನ್ನುಮೂಳೆಗೆ ಬೀಳುವ ಪೆಟ್ಟು ಸಣ್ಣದಲ್ಲ. ಹೃದ್ರೋಗಿಗಳಿಗೂ ಗರ್ಭಿಣಿಯರಿಗೂ ಅದು ಬೇಡವೆಂದು ಸಫಾರಿ ನಡೆಸುವವರೇ ಹೇಳುತ್ತಾರೆ. ಆದರೆ ನಮ್ಮ ಪಟ್ಟಿಯಲ್ಲಿ ಸಫಾರಿಯ ಎದುರು ‘ಎಲ್ಲ ವಯಸ್ಸಿನವರಿಗೂ’ ಎಂದಿತ್ತು. ಆ ಜೀಪಿನಲ್ಲಿ ಬೇರೆ ಪ್ರವಾಸಿಗರೂ ಇದ್ದರು. ಅವರನ್ನು ಸುತ್ತಿಸಿ ತರುವವರೆಗೆ ನಾವು ಅಂಗಡಿಯೊಂದರ ತಗಡಿನ ಮಾಡಿನ ಕೆಳಗೆ ಕುಳಿತೆವು. ಗಾಳಿ ಬೀಸಿದಾಗಲೆಲ್ಲ ಕಾದ ಕಾವಲಿಯ ಮೇಲಿನಿಂದ ಬಂದಂತಿತ್ತು. ಮಗುವಿಗೆ ಒದ್ದೆ ಬಟ್ಟೆ ಸುತ್ತಿ, ಬಾಟಲಿಯಿಂದ ಗುಟುಕು ಗುಟುಕಾಗಿ ನೀರು ಹಾಕುತ್ತಿದ್ದೆ. ಮಾವ ಎರಡು ಗುಟುಕು ಕುಡಿದು ಮುಚ್ಚಳ ಬಿಗಿದರು. ಕುಡಿಯಿರಿ ಎಂದರೆ, ಶೌಚಾಲಯ ದೂರವಿದೆ, ಬೇಡ ಎಂದರು. ಪ್ರಯಾಣದಲ್ಲಿ ನಮ್ಮ ಹಿರಿಯರೆಲ್ಲ ಮಾಡುವುದು ಇದನ್ನೇ. ಬೇರೆಯವರಿಗೆ ತೊಂದರೆಯಾಗಬಾರದೆಂದು ಬಾಯಿ ಒಣಗಿಸಿಕೊಂಡು ಕೂರುತ್ತಾರೆ.

ಮರುದಿನ ಬೆಳಿಗ್ಗೆ ಮಾವ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತುರುಕುತ್ತಿದ್ದರು. ‘ತೋಟದ ಪಂಪು ನಿಲ್ಲಿಸಿದಿರಾ?’ ಎಂದು ಅತ್ತೆಯನ್ನು ಕೇಳಿದರು. ನಿದ್ದೆಗಣ್ಣೆಂದು ನನ್ನ ಗಂಡ ಅಂದುಕೊಂಡರು. ಎರಡನೆಯ ಸಲವೂ ಅದನ್ನೇ ಕೇಳಿ, ವಾಂತಿ ಮಾಡಿ, ಹಾಸಿಗೆಗೆ ಒರಗಿದಾಗ ಅತ್ತೆ ಅಳಲು ತೊಡಗಿದರು. ಅಲ್ಲಿ ಆಂಬುಲೆನ್ಸ್‌ಗೆ 998, ಪೊಲೀಸರಿಗೆ 999. ಇವೆರಡನ್ನು ಮೊಬೈಲ್‌ನಲ್ಲಷ್ಟೇ ಅಲ್ಲ, ಚೀಟಿಯಲ್ಲಿಯೂ ಬರೆದು ಹಿರಿಯರ ಕಿಸೆಯಲ್ಲಿಡಿ.

ರಕ್ತದಲ್ಲಿ ಸೋಡಿಯಂ ಕುಸಿದಿತ್ತು. ಮಾವನವರು ನುಂಗುವ ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರವನ್ನು ಹೆಚ್ಚಿಸುವ ಔಷಧಿಯೂ ಸೇರಿದೆ. ಅದು ದೇಹದ ಉಪ್ಪನ್ನೂ ಹೊರಗೆ ಕಳಿಸುತ್ತದೆ. ವಯಸ್ಸಾದವರಲ್ಲಿ ಅದರೊಂದಿಗೆ ಬೆವರು, ಊಟ ತಪ್ಪುವುದು, ಬಳಲಿಕೆ ಸೇರಿದರೆ ಮನಸ್ಸು ಗೊಂದಲಕ್ಕೆ ಬೀಳುವಷ್ಟು ಸೋಡಿಯಂ ಇಳಿಯಬಹುದು ಎಂದು ವೈದ್ಯೆ ವಿವರಿಸಿದರು. ಸೋಡಿಯಂ ಒಮ್ಮೆಲೇ ಏರಿದರೆ ಮಿದುಳಿಗೆ ಅಪಾಯವಂತೆ. ಹಾಗಾಗಿ ಸೇರಿಸಿಕೊಂಡು, ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತ ನಿಧಾನವಾಗಿ ಏರಿಸಿದರು. ಚಿಕಿತ್ಸೆಯ ಬಗ್ಗೆ ನಮಗೆ ಒಂದು ಮಾತಿನ ದೂರೂ ಇಲ್ಲ. ಇಂಥ ಮಾತ್ರೆ ನುಂಗುವವರನ್ನು ಬೇಸಿಗೆಯಲ್ಲಿ ಆ ಕಡೆಗೆ ಕರೆದೊಯ್ಯುವವರು ಹೊರಡುವ ಮೊದಲು ನಿಮ್ಮ ವೈದ್ಯರ ಹತ್ತಿರ ಇದೊಂದನ್ನೇ ಕೇಳಿ: ಸೆಕೆಯಲ್ಲಿ ಈ ಮಾತ್ರೆಯ ಪ್ರಮಾಣ ಬದಲಿಸಬೇಕೇ, ರಕ್ತ ಪರೀಕ್ಷೆ ಮಾಡಿಸಿ ಹೊರಡಬೇಕೇ? ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಬಿಲ್ಲು. ಆರು ಸಾವಿರ ದಿರ್ಹಂ ದಾಟಿತು. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಸೇರಿಸುವಾಗಲೇ ಮುಂಗಡ ಕಟ್ಟಬೇಕಾಯಿತು. ಶಾರ್ಜಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ಓಡಿಬಂದು ತುಂಬಿದ. ವಿಮೆಯ ಸಹಾಯವಾಣಿಗೆ ಕರೆ ಮಾಡಿದಾಗ ಅವರು ಮೊದಲು ಕೇಳಿದ್ದೇ ರಕ್ತದೊತ್ತಡ ಮೊದಲಿನಿಂದ ಇತ್ತೇ ಎಂದು. ಇತ್ತು ಎಂದೆವು. ಸ್ವಲ್ಪ ಹೊತ್ತಿನಲ್ಲಿ ಮಿಂಚಂಚೆಯಲ್ಲಿ ಅರ್ಜಿಯ ಪ್ರತಿ ಬಂತು. ಮಾವ, ಅತ್ತೆ ಇಬ್ಬರ ಹೆಸರಿನ ಮುಂದೆಯೂ ಸಾಲಾಗಿ ‘ಇಲ್ಲ’ ಎಂದೇ ಗುರುತು. ಸಂಪರ್ಕ ಸಂಖ್ಯೆಯ ಜಾಗದಲ್ಲಿ ನಮ್ಮದಲ್ಲ, ಟ್ರಾವೆಲ್ ಕಚೇರಿಯ ಮೊಬೈಲ್ ಸಂಖ್ಯೆ. ಒಪ್ಪಿಗೆಯ ಒಟಿಪಿ ಹೋದದ್ದೂ ಅಲ್ಲಿಗೇ. ಮುಚ್ಚಿಟ್ಟ ಕಾಯಿಲೆ ಎಂಬ ಕಾರಣ ಕೊಟ್ಟು ಹಣ ನಿರಾಕರಿಸಿದರು.

ನನ್ನ ಮಾವ ಕನ್ನಡ ಶಾಲೆಯಲ್ಲಿ ಓದಿದವರು. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಮಲಯಾಳ ಮಾತನಾಡಬಲ್ಲರು, ಓದಲಾರರು. ಇಂಗ್ಲಿಷ್ ಅರ್ಜಿ ಅವರಿಗೆ ಬರಿಯ ಗೆರೆಗಳು. ಗಡಿನಾಡಿನ ಎಷ್ಟೋ ಹಿರಿಯರ ಸ್ಥಿತಿ ಇದೇ. ಅರ್ಜಿದಾರರಿಗೆ ಬಾರದ ಭಾಷೆಯಲ್ಲಿ ಬೇರೆಯವರು ಅರ್ಜಿ ತುಂಬಿದರೆ, ಓದಿ ವಿವರಿಸಿದ್ದೇನೆ ಎಂದು ತುಂಬಿದವರು ಸಹಿ ಹಾಕುವ ಘೋಷಣೆಯೊಂದು ವಿಮಾ ಅರ್ಜಿಗಳಲ್ಲಿ ಇರುತ್ತದೆ. ಆ ಸಹಿಯನ್ನು ಕೇಳಿ. ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿಸಿ. ಇನ್ನೂ ಒಳ್ಳೆಯದೆಂದರೆ ವಿಮೆಯನ್ನು ಪ್ಯಾಕೇಜಿನಿಂದ ಬೇರ್ಪಡಿಸಿ ನೀವೇ ಕೊಳ್ಳುವುದು. ಕಾಯಿಲೆ ತಿಳಿಸಿದರೆ ಕಂತು ಏರಬಹುದು, ಏರಲಿ. ತಿಳಿಸಿದ ಮೇಲೂ ಹಲವು ಪಾಲಿಸಿಗಳು ಹಳೆಯ ಕಾಯಿಲೆಗೆ ಜೀವಾಪಾಯದ ತುರ್ತು ಸ್ಥಿತಿಯಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಹಣ ಕೊಡುತ್ತವೆ. ಆ ಮಿತಿ ಎಷ್ಟೆಂದು ಕೇಳಿಯೇ ಹಣ ಕಟ್ಟಿ.

ಅತ್ತೆ ಬಹಳ ಆಸೆಪಟ್ಟಿದ್ದ ಅಬುಧಾಬಿಯ ಮಂದಿರಕ್ಕೆ, 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದದ್ದು, ಹೋಗಲಾಗಲಿಲ್ಲ. ಕೇಕೂ ಇಲ್ಲ, ದೋಣಿಯೂ ಇಲ್ಲ. ವಿಮಾನಯಾನಕ್ಕೆ ಅಡ್ಡಿಯಿಲ್ಲ ಎಂಬ ಪತ್ರವನ್ನು ವೈದ್ಯೆಯಿಂದ ಬರೆಸಿಕೊಂಡು ನಿಲ್ದಾಣಕ್ಕೆ ಬಂದೆವು. ಆಸ್ಪತ್ರೆಯಿಂದ ಬಿಡುಗಡೆಯಾದ ಬೆನ್ನಿಗೆ ಹಾರುವವರಿಗೆ ಈ ಪತ್ರ ಬೇಕಾಗುತ್ತದೆ.

ಕೌಂಟರಿನ ಹುಡುಗಿ ಮಾವನವರ ಪತ್ರವನ್ನು ನೋಡಿ ತಲೆಯಾಡಿಸಿ ಬದಿಗಿಟ್ಟಳು. ಆಮೇಲೆ ಮಗಳ ಪಾಸ್‌ಪೋರ್ಟ್ ಬಿಡಿಸಿ, ಜನ್ಮದಿನಾಂಕದ ಮೇಲೆ ಬೆರಳಿಟ್ಟು, ಪರದೆಯನ್ನೊಮ್ಮೆ ನೋಡಿ, ಈ ಮಗುವಿಗೆ ಆಸನವಿಲ್ಲ ಎಂದಳು. ಎರಡು ವರ್ಷ ತುಂಬುವವರೆಗೆ ಮಾತ್ರ ಮಗು ತಾಯಿಯ ಮಡಿಲಲ್ಲಿ ಕುಳಿತು ಹೋಗಬಹುದು. ಪ್ರವಾಸದ ನಡುವೆ ಎರಡು ತುಂಬಿದರೆ ಮರಳಿ ಬರುವ ವಿಮಾನದಲ್ಲಿ ಸ್ವಂತ ಆಸನ, ಅದಕ್ಕೆ ಬೇರೆ ಟಿಕೆಟ್. ವಿಮಾನ ಸಂಸ್ಥೆಗಳ ಸಾಮಾನ್ಯ ನಿಯಮ ಇದು, ಟಿಕೆಟ್ ಮಾರುವ ಯಾರಿಗೂ ಹೊಸದಲ್ಲ. ಕೇಕಿನ ಮೇಲೆ ಬರೆಯಲು ತಾರೀಕು ಕೇಳಿದವರೇ ಹೋಗಲೂ ಬರಲೂ ಮಡಿಲ ಮಗುವಿನ ಟಿಕೆಟ್ ಮಾಡಿಸಿದ್ದರು. ಹೊರಡುವ ದಿನ ಕೊಳ್ಳುವ ಟಿಕೆಟಿನ ಬೆಲೆ ಹೇಗಿರುತ್ತದೆಂದು ಬಲ್ಲವರಿಗೆ ಗೊತ್ತು. ಆಸನವೊಂದು ಉಳಿದಿದ್ದದ್ದೇ ಪುಣ್ಯ. ಇಲ್ಲದಿದ್ದರೆ ನಾನೂ ಮಗುವೂ ಅಲ್ಲಿಯೇ ಉಳಿದು, ಆಗಷ್ಟೇ ಚೇತರಿಸಿಕೊಂಡ ಮಾವನವರನ್ನು ಗಂಡ ಒಬ್ಬರೇ ಕರೆದುಕೊಂಡು ಹೋಗಬೇಕಾಗುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಮ್ಮ ಕಡೆಯ ಹಿರಿಯರಿಗೆ ಇನ್ನೊಂದು ತೊಡಕಿದೆ. ಅನೇಕರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುತ್ತದೆ, ಉಪನಾಮದ ಜಾಗ ಖಾಲಿ. ಒಂದೇ ಪದದ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆಂದು ಬೆನ್ನಿಗೇ ಸಡಿಲಿಸಿತು. ಅತ್ತೆಯದು ಅಂಥದೇ ಪಾಸ್‌ಪೋರ್ಟ್. ಮಂಗಳೂರಿನಲ್ಲಿ ಕೊನೆಯ ಪುಟ ತೆರೆದು ಅವರ ತಂದೆಯ ಹೆಸರು ತೋರಿಸಿದ ಮೇಲೆ ಬಿಟ್ಟರು. ವೀಸಾಕ್ಕೆ ಮೊದಲ ಪುಟವನ್ನಷ್ಟೇ ಅಲ್ಲ, ಕೊನೆಯ ಪುಟವನ್ನೂ ಕಳುಹಿಸಿದ್ದಾರೆಯೇ ಎಂದು ನೋಡಿ.

ಮಾತ್ರೆಗಳ ವಿಷಯದಲ್ಲಿ ನಮ್ಮನ್ನು ಕಾಪಾಡಿದವನು ಆ ಶಾರ್ಜಾದ ತಮ್ಮನೇ. ಅತ್ತೆಯ ಕಾಲುರಿಗೆ ಕೊಡುವ ಪ್ರೀಗಾಬಾಲಿನ್ ಅಲ್ಲಿ ನಿಯಂತ್ರಿತ ಔಷಧಿ. ನೋವಿಗೆ ಕೊಡುವ ಟ್ರಾಮಡಾಲ್, ಕೆಮ್ಮಿನ ಸಿರಪ್‌ಗಳಲ್ಲಿರುವ ಕೊಡೀನ್ ಕೂಡ ಹಾಗೆಯೇ. ಇಂಥವಕ್ಕೆ ವೈದ್ಯರ ಚೀಟಿಯೊಂದಿಗೆ ಯುಎಇ ಸರ್ಕಾರದ ಜಾಲತಾಣದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. ‘ಚೀಲದಲ್ಲಿ ಹಾಕಿಕೊಳ್ಳಿ, ಯಾರೂ ನೋಡುವುದಿಲ್ಲ’ ಎಂದಿತ್ತು ಟ್ರಾವೆಲ್ ಕಚೇರಿ. ಅಡುಗೆಮನೆಯ ಗಸಗಸೆಯೂ ಅಲ್ಲಿ ನಿಷಿದ್ಧ ಮಾದಕ ವಸ್ತುಗಳ ಸಾಲಿನಲ್ಲಿದೆ. ವೀಳ್ಯದೆಲೆಗೂ ಪ್ರವೇಶವಿಲ್ಲ. ತೋಟದ ಎಲೆ, ಅಡಿಕೆ ಇಲ್ಲದೆ ಊಟ ಮುಗಿಯದ ಮನೆಗಳು ನಮ್ಮವು. ಹಿರಿಯರ ಎಲೆಯಡಿಕೆ ಚೀಲವನ್ನು ಮನೆಯಲ್ಲಿಯೇ ಇಡಿಸಿ.

ಹೀಗಾದವರು ಸುಮ್ಮನಿರಬೇಡಿ. ವಿಮಾ ಸಂಸ್ಥೆಗೆ ಮೊದಲು ಬರಹದಲ್ಲಿ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ, ಕೊಚ್ಚಿಯಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ. ಟ್ರಾವೆಲ್ ಕಚೇರಿಯ ಸೇವಾಲೋಪಕ್ಕೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಕಾಸರಗೋಡಿನಲ್ಲಿಯೇ ಇದೆ. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿಯೂ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಸಲಹೆಗೆ ಗ್ರಾಹಕ ಸಹಾಯವಾಣಿ 1915. ಕಾರ್ಯಕ್ರಮ ಪಟ್ಟಿ, ವಾಟ್ಸಾಪ್ ಸಂದೇಶಗಳು, ರಸೀದಿಗಳು, ಔಷಧಿ ಚೀಟಿ ಕೊಟ್ಟ ದಿನದ ದಾಖಲೆ ಯಾವುದನ್ನೂ ಅಳಿಸಬೇಡಿ. ನಮ್ಮ ಕೈಯಲ್ಲಿರುವ ಬಲವಾದ ಸಾಕ್ಷ್ಯವೆಂದರೆ ಕೇಕಿನ ಮೇಲೆ ಬರೆಯಬೇಕಾದ ತಾರೀಕನ್ನು ಖಚಿತಪಡಿಸಿಕೊಳ್ಳಲು ಅವರೇ ಕಳುಹಿಸಿದ ಸಂದೇಶ. ಅದನ್ನು ಎದುರಿಗಿಟ್ಟ ಮೇಲೆ ಮಗುವಿನ ಟಿಕೆಟಿನ ಹಣವನ್ನು ಹಿಂದಿರುಗಿಸಿದರು. ಆಸ್ಪತ್ರೆಯ ಬಿಲ್ಲಿನ ಬಗ್ಗೆ ಮಾತೇ ಎತ್ತುತ್ತಿಲ್ಲ. ಆ ದೂರನ್ನು ಆಯೋಗಕ್ಕೆ ಸಲ್ಲಿಸಿದ್ದೇವೆ.